ಮೆಣಸಿನ ಡಬ್ಬಿಯಲ್ಲಿ ಖಾರ ಉಳಿದಿದೆ, ಘಮ ಎಲ್ಲಿ ಹೋಯ್ತು?

[ದೃಶ್ಯ: ಮೂಡಿಗೆರೆ ಕಡೆಯ ಕಾಫಿ ತೋಟ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಒರಗಿಸಿಟ್ಟ ಏಣಿ, ಕಣದಲ್ಲಿ ಒಣಗುತ್ತಿರುವ ಕಾಳು]

ನಮಸ್ಕಾರ. ಈ ಕಣದ ಪಕ್ಕ ಸುಮ್ನೆ ನಿಂತರೂ ಸಾಕು, ಮೆಣಸು ಮೂಗಿಗೆ ಬರುತ್ತದೆ. ಬರುವುದು ಖಾರ ಅಲ್ಲ, ಘಮ. ಎರಡೂ ಬೇರೆ ಬೇರೆ.

[ದೃಶ್ಯ: ಎರಡು ಬಟ್ಟಲು]

ಎಡಗಡೆ ಈ ವರ್ಷದ ಕಾಳು, ಈಗಷ್ಟೇ ಕುಟ್ಟಿದ್ದು. ಬಲಗಡೆ ನಮ್ಮನೆಯ ಹಳೇ ಪುಡಿ. ಎರಡು ವರ್ಷದ ಹಿಂದೆ ಊರಿಂದ ತಂದ ಮೆಣಸನ್ನೆಲ್ಲ ಒಂದೇ ದಿನ ಪುಡಿ ಮಾಡಿಟ್ಟ ಜಾಣ ನಾನೇ. ನಾಲಿಗೆಗೆ ಎರಡೂ ಖಾರ. ಮೂಸಿದರೆ ಬಲಗಡೆಯದು ಮರದ ಹೊಟ್ಟು!

ಖಾರ ಕೊಡುವುದು ಪೈಪರಿನ್. ಅದು ಗಾಳಿಗೆ ಹಾರಿ ಹೋಗುವಂಥದ್ದಲ್ಲ. ಘಮ ಇರುವುದು ಕಾಳಿನೊಳಗಿನ ಎಣ್ಣೆಯಲ್ಲಿ. ನೂರು ಗ್ರಾಂ ಒಣ ಮೆಣಸಿನಲ್ಲಿ ಅದು ಸುಮಾರು 2ರಿಂದ 4 ಗ್ರಾಂ ಇದ್ದರೆ ಜಾಸ್ತಿ. ಆ ಎಣ್ಣೆಯಲ್ಲಿ ಪೈನೀನ್, ಲಿಮೋನೀನ್ ತರಹದ ಹಗುರ ವಸ್ತುಗಳಿವೆ. ಒಂದೊಂದು ಅಣುವಿಗೂ 10 ಇಂಗಾಲ. ಪುಡಿ ಮಾಡಿದರೆ ಮೊದಲು ಓಡುವುದು ಇವೇ. ಅದೇ ಎಣ್ಣೆಯಲ್ಲಿರುವ ಇವತ್ತಿನ ನಮ್ಮ ಆಸಾಮಿ ಕ್ಯಾರಿಯೋಫಿಲೀನ್ ಸ್ವಲ್ಪ ಭಾರ: 15 ಇಂಗಾಲ, 24 ಜಲಜನಕ. ಕಟ್ಟಿಗೆಯ ಹಾಗೆ, ಲವಂಗದ ಹಾಗೆ ಒಂದು ಬೆಚ್ಚಗಿನ ವಾಸನೆ ಇದರದ್ದು. ಹೆಸರು ಬಂದದ್ದೂ ಲವಂಗದ ಹಳೆಯ ಲ್ಯಾಟಿನ್ ಹೆಸರಿನಿಂದ.

[ದೃಶ್ಯ: ಕುದಿಯುವ ಸಾರು]

ಇದರ ಕುದಿಬಿಂದು 250 ಡಿಗ್ರಿ ದಾಟುತ್ತದೆ. ಹಾಗಿದ್ದರೆ 100 ಡಿಗ್ರಿಯ ಸಾರಿನಿಂದ ಘಮ ಹೇಗೆ ಏಳುತ್ತದೆ? ಹಬೆ ಹೊತ್ತೊಯ್ಯುತ್ತದೆ. ಮೆಣಸಿನ ಎಣ್ಣೆ ತೆಗೆಯುವವರು ಹಬೆ ಹಾಯಿಸುವುದೂ ಇದಕ್ಕೇ. ನಮ್ಮಜ್ಜಿ ಸಾರು ಇಳಿಸುವ ಹೊತ್ತಿಗೆ ಮೆಣಸು ಕುಟ್ಟಿ ಹಾಕಿ ತಟ್ಟೆ ಮುಚ್ಚುತ್ತಿದ್ದರು. ನಾವು ಮೊದಲೇ ಹಾಕಿ ಕುದಿಸಿ, ಘಮವನ್ನೆಲ್ಲ ಅಡುಗೆಮನೆಗೆ ಉಣಿಸುತ್ತೇವೆ.

ಇನ್ನೊಂದು ವಿಷಯ. ಗಾಂಜಾ ಗಿಡದಲ್ಲೂ ಇದೇ ಕ್ಯಾರಿಯೋಫಿಲೀನ್ ಇದೆ. ಗಾಳಿ ತಾಗಿ ಇದು ಆಕ್ಸೈಡ್ ಆದಾಗ ಬರುವ ವಾಸನೆಯನ್ನು ಪೊಲೀಸ್ ನಾಯಿಗಳು ಹಿಡಿಯುತ್ತವೆ. ಗಾಬರಿ ಬೇಡ, ಮೆಣಸಿನ ಸಾರು ಕುಡಿದು ಯಾರಿಗೂ ಮತ್ತೇರುವುದಿಲ್ಲ. ಗಾಂಜಾದ ಅಮಲು ಬರುವುದು ಮಿದುಳಿನ ಸಿಬಿ1 ಎಂಬ ಗ್ರಾಹಕದ ಮೂಲಕ, ಅಂದರೆ ಕೋಶದ ಮೇಲೆ ಇಂಥ ವಸ್ತುಗಳು ಬಂದು ಕೂರುವ ಜಾಗ. ಕ್ಯಾರಿಯೋಫಿಲೀನ್ ಹೋಗಿ ಕೂರುವುದು ಸಿಬಿ2 ಮೇಲೆ, ಅದು ಜಾಸ್ತಿ ಇರುವುದು ರೋಗನಿರೋಧಕ ಕೋಶಗಳಲ್ಲಿ. ಇದು ತಿಳಿದದ್ದು 2008ರಲ್ಲಿ. ಇಲಿಗಳಲ್ಲಿ ಊತ ಕಡಿಮೆಯಾಗಿದ್ದೂ ಕಂಡಿತು. ಅಷ್ಟಕ್ಕೇ "ಮೆಣಸು ತಿಂದರೆ ಮಂಡಿನೋವು ಮಾಯ" ಎಂದು ವಾಟ್ಸಾಪ್‌ನಲ್ಲಿ ಹಂಚಬೇಡಿ ಮಾರಾಯ್ರೆ. ಇಲಿಗೆ ಕೊಟ್ಟದ್ದು ಸಾರಲ್ಲ.

[ದೃಶ್ಯ: ಮತ್ತೆ ಎರಡು ಬಟ್ಟಲು]

ಈ ಸಲ ಕಾಳನ್ನು ಇಡಿಯಾಗಿಯೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿದ್ದೇನೆ, ಬೇಕಾದಾಗಷ್ಟೇ ಕುಟ್ಟುವುದು. ಹಳೇ ಪುಡಿ ಎಸೆದಿಲ್ಲ. ಖಾರ ಇದೆಯಲ್ಲ, ಆಮ್ಲೆಟ್‌ಗೆ ಹಾಕಿ ಮುಗಿಸುತ್ತಿದ್ದೇನೆ.