ಮಗುವಿನ ಪಕ್ಕದಲ್ಲಿ ಕೂತು ಯಾರು ಊಟ ಮಾಡುತ್ತಿದ್ದಾರೆ?

ನಮಸ್ಕಾರ. ಮಕ್ಕಳ ಊಟ ಅಂದ ತಕ್ಷಣ ನಾವೆಲ್ಲ ತಟ್ಟೆಯಲ್ಲಿ ಏನಿದೆ ಅಂತ ನೋಡುತ್ತೇವೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದೂ ಅಷ್ಟೇ ಮುಖ್ಯ ಅಂತ ನನಗನಿಸುತ್ತದೆ.

1980ರಲ್ಲಿ ಲಿಯಾನ್ ಬರ್ಚ್ ಎಂಬ ಅಮೆರಿಕದ ಸಂಶೋಧಕಿ ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಯಾರಿಗೆ ಯಾವ ತರಕಾರಿ ಇಷ್ಟ ಅಂತ ಮೊದಲೇ ತಿಳಿದುಕೊಂಡರು. ಆಮೇಲೆ ಒಂದು ಮಗುವನ್ನು, ಅದರ ಇಷ್ಟಕ್ಕೆ ತದ್ವಿರುದ್ಧ ಇರುವ ಮೂರ್ನಾಲ್ಕು ಮಕ್ಕಳ ಜೊತೆ ಮಧ್ಯಾಹ್ನದ ಊಟಕ್ಕೆ ಕೂರಿಸಿದರು. ಎರಡು ತರಕಾರಿ ಇರುತ್ತಿತ್ತು, ಒಂದನ್ನು ಆರಿಸಿಕೊಳ್ಳಬೇಕು. ಮೊದಲ ದಿನ ಆ ಮಗುವೇ ಮೊದಲು ಆರಿಸಿತು. ಎರಡನೇ ದಿನದಿಂದ ಉಳಿದವರು ಮೊದಲು. ನಾಲ್ಕನೇ ದಿನದ ಹೊತ್ತಿಗೆ, ಹೀಗೆ ಕೂತ ಮಕ್ಕಳು ತಮಗೆ ಅಷ್ಟಾಗಿ ಸೇರದ ತರಕಾರಿಯನ್ನೇ ಹೆಚ್ಚಾಗಿ ಆರಿಸತೊಡಗಿದ್ದರು. ಸುಮ್ನೆ ತೆಗೆದುಕೊಂಡಿದ್ದಲ್ಲ, ತಿಂದರು ಕೂಡ. ಕೆಲವು ವಾರಗಳ ನಂತರ ಕೇಳಿದಾಗಲೂ ಆ ಇಷ್ಟ ಉಳಿದಿತ್ತು. ಆ ಮಕ್ಕಳಲ್ಲೂ ವಯಸ್ಸಿನಲ್ಲಿ ಚಿಕ್ಕವರಲ್ಲಿ ಈ ಬದಲಾವಣೆ ಇನ್ನೂ ಜಾಸ್ತಿ. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು.

ಒತ್ತಾಯ ಮಾಡಿದರೆ ಏನಾಗುತ್ತದೆ? 2006ರ ಇನ್ನೊಂದು ಅಧ್ಯಯನದಲ್ಲಿ ಮಕ್ಕಳಿಗೆ ಸೂಪ್ ಕೊಟ್ಟು, "ಪೂರ್ತಿ ಕುಡಿ" ಅಂತ ಹೇಳುತ್ತಾ ಬಂದರು. ಹಾಗೆ ಹೇಳದೆ ಬಿಟ್ಟಾಗಲೇ ಮಕ್ಕಳು ಹೆಚ್ಚು ಕುಡಿದರು. ಹೇಳಿದಾಗ ಸೂಪಿನ ಬಗ್ಗೆ ಗೊಣಗಾಟವೂ ಜಾಸ್ತಿ. ಇಷ್ಟದ ತಿಂಡಿಯನ್ನು ಬೇಡ ಅನ್ನೋದು ಕೂಡ ಹಾಗೇ. ಕಣ್ಣಿಗೆ ಕಾಣುವಂತೆ ಇಟ್ಟು ಮುಟ್ಟಬೇಡ ಅಂದರೆ ಮಗುವಿನ ಮನಸ್ಸೆಲ್ಲ ಅದರ ಮೇಲೇ.

ಇನ್ನು ಜಾಹೀರಾತು. ಇದರ ಬಗ್ಗೆ ನನಗೆ ನಿಜಕ್ಕೂ ಕೋಪವಿದೆ. 2007ರಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಪೊಟ್ಟಣದಲ್ಲಿ ಕೊಟ್ಟು ನೋಡಿದರು. ಒಂದು ಬರೀ ಪೊಟ್ಟಣ, ಇನ್ನೊಂದರ ಮೇಲೆ ಮೆಕ್‌ಡೊನಾಲ್ಡ್ಸ್ ಹೆಸರು. ಹೆಸರಿದ್ದದ್ದೇ ರುಚಿ ಅಂತ ಮಕ್ಕಳು ಹೇಳಿದರು. ಕ್ಯಾರೆಟ್ ವಿಷಯದಲ್ಲೂ ಹೀಗೇ ಆಯಿತು! ಇಷ್ಟು ಚಿಕ್ಕ ಮಕ್ಕಳ ನಾಲಿಗೆಯನ್ನೂ ಒಂದು ಹೆಸರು ಬದಲಾಯಿಸಬಲ್ಲದು ಅಂದರೆ, ತಪ್ಪು ಮಗುವಿನದಲ್ಲ ಅಲ್ವಾ?

ಸುಮಾರು 2ರಿಂದ 6 ವರ್ಷದವರೆಗೆ ಹೊಸ ತಿನಿಸಿಗೆ ಹೆದರೋದು ಸಹಜ. ಒಂದು ಸಲ ಉಗುಳಿದರೆ ಅಲ್ಲಿಗೇ ಬಿಡಬೇಡಿ. ಎಷ್ಟೋ ಮಕ್ಕಳಿಗೆ ಹತ್ತು, ಹದಿನೈದು ಸಲ ರುಚಿ ನೋಡಿದ ಮೇಲೇ ಹಿಡಿಸೋದು. ಪ್ರತಿ ಸಲವೂ ಒಂದು ಸಣ್ಣ ತುಂಡು ಸಾಕು. ಅದನ್ನೇ ನೀವೂ ಬಡಿಸಿಕೊಂಡು, ಮಗುವಿನ ಎದುರಿಗೇ ಇಷ್ಟಪಟ್ಟು ತಿನ್ನಿ. ತರಕಾರಿ ಚೆನ್ನಾಗಿ ತಿನ್ನುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಊಟಕ್ಕೆ ಕರೆಯಿರಿ. ಬಡಿಸುವಾಗ ಹಾಗೆ ಊಟಕ್ಕೆ ಬಂದ ಮಗುವಿಗೇ ಮೊದಲು ಬಡಿಸಿ.