ನೋವು ಹೋಯಿತು ಅಂತ ಡ್ರಾಪ್ಸ್ ನಿಲ್ಲಿಸಬೇಡಿ

ಪೊರೆ ಆಪರೇಷನ್ ಹೇಗೆ ಮಾಡುತ್ತಾರೆ ಅಂತ ನಾನಿಲ್ಲಿ ಹೇಳಲು ಹೋಗುವುದಿಲ್ಲ. ಇಲ್ಲಿ ಕೂತವರಲ್ಲಿ ಅರ್ಧ ಜನ ಮಾಡಿಸಿಕೊಂಡವರು, ಉಳಿದವರು ತಾರೀಖು ಕಾಯುತ್ತಿರುವವರು. ನನ್ನ ಜಗಳ ಆಮೇಲೆ ಕೊಡುವ ಆ ಪುಟ್ಟ ಡ್ರಾಪ್ಸ್ ಬಾಟಲಿಯದು. ಅದರಲ್ಲೂ ಶುಗರ್ ಇರುವವರ ಜೊತೆ.

ಒಬ್ಬರು ಹಿರಿಯರಿದ್ದರು, ನಿವೃತ್ತ ಲೆಕ್ಕದ ಮೇಷ್ಟ್ರು. ಬಹಳ ವರ್ಷದ ಶುಗರ್. ಪಟ್ಟಿ ಬಿಚ್ಚಿದ ಕೂಡಲೇ ಗಡಿಯಾರದ ಸೆಕೆಂಡ್ ಮುಳ್ಳು ಕಾಣುತ್ತಿದೆ ಅಂತ ಹೊರಗೆ ಕೂತಿದ್ದವರಿಗೆಲ್ಲ ಹೇಳಿದರು. ಪಕ್ಕದವರಿಗೆ ಪೇಪರ್ ಓದಿ ಹೇಳಿದರು, ಅವರು ಕೇಳದಿದ್ದರೂ! ಎರಡು ವಾರಕ್ಕೆ ಡ್ರಾಪ್ಸ್ ನಿಂತಿತು. "ನೋವಿಲ್ಲ, ಕೆಂಪಿಲ್ಲ, ಸುಮ್ನೆ ಯಾಕೆ ಹಾಕಬೇಕು?" ಮೇಷ್ಟ್ರ ಲೆಕ್ಕಕ್ಕೆ ಎದುರು ಹೇಳುವವರು ಮನೆಯಲ್ಲಿ ಯಾರಿದ್ದಾರೆ? ಆರನೇ ವಾರ ಬಂದರು. ಪುಸ್ತಕದ ಗೆರೆಗಳು ಸೊಟ್ಟ, ಅಕ್ಷರ ಮಸುಕು. ಒಳಗೆ ಹಾಕಿದ ಲೆನ್ಸೇ ಸರಿಯಿಲ್ಲ ಅಂತ ವಾದ. ಲೆನ್ಸ್ ಚೆನ್ನಾಗಿಯೇ ಇತ್ತು. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾದ, ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿದರೆ ಅದರ ನಟ್ಟನಡುವೆ, ಮ್ಯಾಕ್ಯುಲಾ ಅನ್ನುವ ಜಾಗದಲ್ಲಿ, ನೀರು ತುಂಬಿ ಊದಿಕೊಂಡಿತ್ತು. ಮತ್ತೆ ಡ್ರಾಪ್ಸ್ ಶುರು ಮಾಡಿದೆವು. ಇಳಿಯಲು ತಿಂಗಳುಗಳೇ ಹಿಡಿದವು.

ಆಪರೇಷನ್ ಆದದ್ದು ಕಣ್ಣಿನ ಮುಂದೆ, ಊತ ಹಿಂದೆ ಯಾಕೆ? ಗಾಯದಿಂದ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ಹಿಂದಕ್ಕೆ ಹೋಗಿ ರೆಟಿನಾದ ಸಣ್ಣ ರಕ್ತನಾಳಗಳು ಸೋರುವಂತೆ ಮಾಡುತ್ತದೆ. ಶುಗರ್ ಇದ್ದವರ ನಾಳಗಳು ಮೊದಲೇ ಬಡಪಾಯಿಗಳು, ಅಲ್ವಾ? ಬ್ರಿಟನ್ನಿನಲ್ಲಿ 80 ಸಾವಿರಕ್ಕೂ ಜಾಸ್ತಿ ಕಣ್ಣುಗಳ ದಾಖಲೆ ನೋಡಿ 2016ರಲ್ಲಿ ಲೆಕ್ಕ ಕೊಟ್ಟರು. ಈ ಊತ ಶುಗರ್ ಇಲ್ಲದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ, ಇದ್ದವರಲ್ಲಿ ನಾಲ್ವರಿಗೆ. ರೆಟಿನಾಗೆ ಇನ್ನೂ ಏನೂ ಆಗದ ಶುಗರಿನವರಿಗೂ ಅಪಾಯ ಜಾಸ್ತಿಯೇ.

ಇನ್ನು ಬಾಟಲಿಗೆ ಬರೋಣ. ಸಾಮಾನ್ಯವಾಗಿ ಎರಡು ಬಗೆ. ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡ್ ಒಂದು. ನೆಪಾಫೆನಾಕ್, ಬ್ರೋಮ್‌ಫೆನಾಕ್, ಕೆಟೊರೊಲಾಕ್ ತರಹದ ಸ್ಟೀರಾಯ್ಡ್ ಅಲ್ಲದ್ದು ಇನ್ನೊಂದು. ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗುವುದನ್ನೇ ತಡೆಯುವುದು ಈ ಎರಡನೆಯದರ ಕೆಲಸ. ನೆಪಾಫೆನಾಕನ್ನು ಶುಗರ್ ಇರುವವರಿಗೆ 60 ದಿನದವರೆಗೂ ಕೊಡಲು ಯುರೋಪಿನಲ್ಲಿ ಒಪ್ಪಿಗೆ ಇದೆ. ಅಷ್ಟು ದಿನ ಯಾಕೆ? ನೋವು ಹೋಗುವುದು ಮೊದಲ ವಾರದಲ್ಲಿ, ಊತ ಬರುವುದು ತಿಂಗಳು ದಾಟಿದ ಮೇಲೆ. ಇದನ್ನು ಇವತ್ತು ಇನ್ನೊಮ್ಮೆಯಾದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಗಂತ ನೀವೇ ತಿಂಗಳುಗಟ್ಟಲೆ ಎಳೆಯಲೂಬೇಡಿ. ಸ್ಟೀರಾಯ್ಡಿನಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಇನ್ನೊಂದು ಬಗೆಯಿಂದ, ಅಪರೂಪಕ್ಕೆ, ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಹುಣ್ಣಾಗಬಹುದು. ಶುಗರಿನವರಿಗೆ ಅಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಹುಣ್ಣಾದರೂ ಗೊತ್ತಾಗುವುದಿಲ್ಲ. ಎಷ್ಟು ದಿನ ಅನ್ನುವುದು ಡಾಕ್ಟರ್ ನೋಡಿ ಹೇಳಬೇಕಾದ ಮಾತು. ನೋವು ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ಸರಿ, ಇನ್ನೊಮ್ಮೆ ಹೇಳಿಯೇ ಬಿಟ್ಟೆ.

ಚೀಟಿ ಬಂತು, ಎರಡೇ ನಿಮಿಷವಂತೆ. ಬೇಗ ಹೇಳುತ್ತೇನೆ. ಅಲುಗಾಡಿಸಿ ಅಂತ ಬರೆದಿದ್ದರೆ ಬಾಟಲಿ ಅಲುಗಾಡಿಸಿ. ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಹೋಗುತ್ತದೆ. ಎರಡು ಬಗೆಯ ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಿ. ಶುಗರ್ ಹಿಡಿತದ ಬಗ್ಗೆ ಬರೆದುಕೊಂಡ ಪುಟ ಹಾಗೇ ಉಳಿಯಿತು. ಹಿಂದಿನ ಸಾಲಿನವರು ಕೈ ಎತ್ತಿದ್ದಾರೆ, ಮೈಕ್ ಕೊಡಿ ಅವರಿಗೆ.