ಒಂದು ರೂಪಾಯಿಯಲ್ಲಿ ಎಷ್ಟು ಬೆಳ್ಳಿ?

ಎಲ್ಲರಿಗೂ ನಮಸ್ಕಾರ. ಮೊದಲು ಈ ತಟ್ಟೆ ನೋಡಿ. ಇದರಲ್ಲಿ ಒಂದು ರೂಪಾಯಿಯ ಎರಡು ನಾಣ್ಯಗಳಿವೆ. ಒಂದು 1918ರದು, ಇನ್ನೊಂದು 1944ರದು. ಅಗಲ ಹೆಚ್ಚುಕಡಿಮೆ ಒಂದೇ. ತೂಕವೂ ಒಂದೇ, 11.66 ಗ್ರಾಂ. ಆದರೆ ಒಳಗಿರುವ ಬೆಳ್ಳಿ ಒಂದೇ ಅಲ್ಲ.

ನಮ್ಮಜ್ಜಿ ಕಷಾಯದ ಪುಡಿಗೆ ‘ಒಂದು ರೂಪಾಯಿ ತೂಕ ಮೆಣಸು’ ಎನ್ನುತ್ತಿದ್ದರು. ಅದು ದುಡ್ಡಿನ ಮಾತಲ್ಲ, ತೂಕದ ಮಾತು. 1835ರ ಕಾಯ್ದೆ ರೂಪಾಯಿಗೆ 180 ಗ್ರೇನ್ ತೂಕ ಗೊತ್ತುಮಾಡಿತ್ತು. ಅಂದರೆ ಸರಿಯಾಗಿ ಒಂದು ತೊಲ. ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ. ನಮ್ಮ ಲೆಕ್ಕದಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ.

ಆಗ ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಕೊಟ್ಟು ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. 1870ರ ದಶಕದಿಂದ ಬೆಳ್ಳಿ ಬೆಲೆ ಬೀಳುತ್ತಾ ಬಂತು. ಅಮೆರಿಕದ ಗಣಿಗಳಿಂದ ಬೆಳ್ಳಿ ರಾಶಿ ಬಂತು, ಜರ್ಮನಿಯಂಥ ದೇಶಗಳು ಚಿನ್ನದ ಕಡೆ ತಿರುಗಿದವು. 1893ರಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಆಮೇಲೆ ರೂಪಾಯಿಗೆ 16 ಪೆನ್ಸ್ ಎಂದು ಗೊತ್ತಾಯಿತು. ಒಳಗಿನ ಬೆಳ್ಳಿಗೆ ಅಷ್ಟು ಬೆಲೆ ಇರಲಿಲ್ಲ.

ಮೊದಲನೇ ಮಹಾಯುದ್ಧದಲ್ಲಿ ಇದು ತಲೆಕೆಳಗಾಯಿತು. ಲಂಡನ್ನಿನಲ್ಲಿ ಬೆಳ್ಳಿ ಔನ್ಸಿಗೆ 43 ಪೆನ್ಸ್ ದಾಟಿದರೆ ರೂಪಾಯಿಯನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. 1920ರ ಫೆಬ್ರವರಿಯಲ್ಲಿ ಅದು 89 ಪೆನ್ಸ್ ಮುಟ್ಟಿತು! ಅಷ್ಟರೊಳಗೆ, 1917ರಲ್ಲೇ, ಒಂದು ರೂಪಾಯಿ ನೋಟು ಬಂದಿತ್ತು. ಸುಮ್ನೆ ಬಂದದ್ದಲ್ಲ ಅದು.

ನನಗೆ ಜಾಸ್ತಿ ಕುತೂಹಲ ಇರುವುದು 1940ರ ಬಗ್ಗೆ. ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಇಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ತೆಗೆದುಕೊಳ್ಳಲು ಮುಗಿಬಿದ್ದರು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದೇ ಅಪರಾಧ ಎಂದು ಸರ್ಕಾರ ಆದೇಶ ಹೊರಡಿಸಿತು. ಮಡಕೆಯಲ್ಲಿಟ್ಟು ಹೂತವರನ್ನು ಹಿಡಿಯುವುದು ಹೇಗೆ, ಹೇಳಿ? ಅದೇ ವರ್ಷ ಮಿಶ್ರಲೋಹ ಬದಲಾಯಿತು. 50 ಭಾಗ ಬೆಳ್ಳಿ, 40 ಭಾಗ ತಾಮ್ರ, ನಿಕ್ಕಲ್ ಮತ್ತು ಸತು ತಲಾ 5. ಅದೇ ತೂಕ, ಅದೇ ರಾಜನ ತಲೆ, ಬೆಳ್ಳಿ ಮಾತ್ರ 5.83 ಗ್ರಾಂ. ಹಳೆಯ ಎಂಟಾಣೆಯಲ್ಲೇ 5.35 ಗ್ರಾಂ ಇತ್ತು, ಅಲ್ವಾ? ಮುಂದಿನ ವರ್ಷಗಳಲ್ಲಿ ಹಳೆಯ ರೂಪಾಯಿಗಳ ಚಲಾವಣೆಯನ್ನು ಹಂತಹಂತವಾಗಿ ನಿಲ್ಲಿಸಿದರು.

ಅರ್ಧ ಬೆಳ್ಳಿಯೂ ಸಾಲಲಿಲ್ಲ. ಯುದ್ಧದ ಹೊತ್ತಿಗೆ ಅಮೆರಿಕದಿಂದ 22 ಕೋಟಿ ಔನ್ಸಿಗೂ ಹೆಚ್ಚು ಬೆಳ್ಳಿ ಕಡ ತಂದರು. ಅದರಲ್ಲಿ ತನ್ನ ಪಾಲನ್ನು ತೀರಿಸಿದ್ದು 1957ರಲ್ಲಿ, ಸ್ವತಂತ್ರ ಭಾರತ. ಈ ಅರ್ಧ ಬೆಳ್ಳಿಯ ನಾಣ್ಯಗಳನ್ನೇ ವಾಪಸು ಪಡೆದು, ಕರಗಿಸಿ, ಬೆಳ್ಳಿ ಬೇರ್ಪಡಿಸಿ ಕೊಟ್ಟರು. ನನ್ನ 1944ರ ರೂಪಾಯಿ ಹೇಗೋ ತಪ್ಪಿಸಿಕೊಂಡಿದೆ.

ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಮೊದಲು ಇಸವಿ ಓದಿ. 1938ರದ್ದಾದರೆ ತುಂಬು ಬೆಳ್ಳಿ, 1940ರದ್ದಾದರೆ ಅರ್ಧ. 1939ರ ರೂಪಾಯಿ ತುಂಬಾ ಅಪರೂಪ. ಅದಕ್ಕೇ ಇಸವಿ ತಿದ್ದಿದ ಖೋಟಾ ಜಾಸ್ತಿ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಆ ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಿ.

1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್. ಅಯಸ್ಕಾಂತಕ್ಕೆ ಅಂಟುತ್ತದೆ. ತಟ್ಟೆಯ ಜೊತೆ ಒಂದು ಅಯಸ್ಕಾಂತವನ್ನೂ ಹಿಂದಿನ ಸಾಲಿಗೆ ಕಳಿಸುತ್ತಿದ್ದೇನೆ, ನೀವೇ ನೋಡಿ.